ಉತ್ತರ ಐರ್ಲೆಂಡಿನ ಪ್ರಾಥಮಿಕ ಶಾಲೆಯೊಂದನ್ನು ‘ಇಂಟಿಗ್ರೇಟೆಡ್’ ಶಾಲೆಯಾಗಿಸುವ ಬಗೆ

ಉತ್ತರ ಐರ್ಲೆಂಡಿನಲ್ಲಿ ಇಂದಿಗೂ ಕ್ಯಾಥೊಲಿಕ್ ಮಕ್ಕಳು ಹೆಚ್ಚಾಗಿ ಒಂದು ಶಾಲೆಗೆ, ಪ್ರಾಟೆಸ್ಟಂಟ್ ಮಕ್ಕಳು ಇನ್ನೊಂದಕ್ಕೆ ಹೋಗುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಶಾಲೆಯೇ ‘ಇಂಟಿಗ್ರೇಟೆಡ್’ ಶಾಲೆ. ಅಂಥ ಪ್ರೌಢಶಾಲೆ, ಲಗಾನ್ ಕಾಲೇಜು, 1981ರಲ್ಲಿ 28 ಮಕ್ಕಳೊಂದಿಗೆ ಶುರುವಾಯಿತು. ಬೆಲ್‌ಫಾಸ್ಟಿನ ಫೋರ್ಜ್ ಮತ್ತು ಹೇಜಲ್‌ವುಡ್ ಪ್ರಾಥಮಿಕ ಶಾಲೆಗಳು 1985ರಲ್ಲಿ ಬಂದವು. ಹೊಸದಾಗಿ ಕಟ್ಟುವಷ್ಟು ಹಣ, ಜಾಗ ಇಲ್ಲದ ಊರಿನಲ್ಲಿ ಇರುವ ಶಾಲೆಯನ್ನೇ ಬದಲಿಸುವುದು ಮೇಲು. ಅದಕ್ಕೆ 1989ರ ಶಿಕ್ಷಣ ಸುಧಾರಣಾ ಆದೇಶ ದಾರಿ ಮಾಡಿಕೊಟ್ಟಿದೆ.

ಆಡಳಿತ ಮಂಡಳಿಯ ನಿರ್ಣಯದಿಂದಾಗಲಿ, ಶೇ. 20ರಷ್ಟು ಪೋಷಕರ ಲಿಖಿತ ಕೋರಿಕೆಯಿಂದಾಗಲಿ ಪ್ರಕ್ರಿಯೆ ಆರಂಭವಾಗುತ್ತದೆ. ಅನಂತರ ಪೋಷಕರಲ್ಲಿ ಅಂಚೆ ಮೂಲಕ ಗುಪ್ತ ಮತದಾನ ನಡೆಯುತ್ತದೆ. ಅರ್ಧಕ್ಕಿಂತ ಕಡಿಮೆ ಜನ ಮತ ಹಾಕಿದರೆ ಎರಡನೆಯ ಸುತ್ತು ನಡೆಯುತ್ತದೆ, ಅಲ್ಲಿ ಇಷ್ಟು ಜನ ಮತ ಹಾಕಲೇಬೇಕೆಂಬ ಷರತ್ತಿಲ್ಲ. ಆದರೂ ಆ ಸುತ್ತನ್ನು ನೆಚ್ಚಿಕೊಳ್ಳದೆ ಮೊದಲೇ ಮನೆಮನೆಗೆ ಹೋಗಿ ಮಾತನಾಡಿ: ಮತ ಹಾಕದೆ ಸುಮ್ಮನಿದ್ದವರ ಅಸಮಾಧಾನ ಮುಂದಿನ ವರ್ಷದ ದಾಖಲಾತಿಯಲ್ಲಿ ಕಾಣಿಸಿಕೊಳ್ಳಬಹುದು. ಬಹುಮತ ಬಂದ ಮೇಲೆ ‘ಅಭಿವೃದ್ಧಿ ಪ್ರಸ್ತಾವ’ (ಶಾಲೆಯ ಬದಲಾವಣೆಗೆ ಸಲ್ಲಿಸುವ ಅಧಿಕೃತ ಪ್ರಸ್ತಾವ), ಸಾರ್ವಜನಿಕ ಅಭಿಪ್ರಾಯ ಸಂಗ್ರಹ, ಕೊನೆಗೆ ಶಿಕ್ಷಣ ಸಚಿವರ ತೀರ್ಮಾನ.

ನಿಜವಾದ ಕೆಲಸ ತರಗತಿಯಲ್ಲಿದೆ. ಒಂದನೆಯ ತರಗತಿಯಲ್ಲಿ ಅಕ್ಷರ ಕಲಿಸುವಾಗಲೇ ‘ಎಚ್’ ಅಕ್ಷರವನ್ನು ಕ್ಯಾಥೊಲಿಕ್ ಮನೆಯ ಮಗು ಸಾಮಾನ್ಯವಾಗಿ ‘ಹೇಚ್’ ಎನ್ನುತ್ತದೆ, ಪ್ರಾಟೆಸ್ಟಂಟ್ ಮನೆಯ ಮಗು ‘ಏಚ್’ ಎನ್ನುತ್ತದೆ, ಯಾವುದನ್ನೂ ತಿದ್ದಬೇಡಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಕ್ಯಾಥೊಲಿಕ್ ಮಕ್ಕಳು ‘ಕೇಡಿನಿಂದ ಪಾರುಮಾಡು’ ಎಂಬಲ್ಲಿಗೆ ನಿಲ್ಲಿಸುತ್ತಾರೆ, ಉಳಿದವರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಸುತ್ತಾರೆ. ಆ ಕ್ಷಣದ ಗೊಂದಲಕ್ಕೆ ಮಕ್ಕಳು ನಕ್ಕರೆ ನಗಲಿ, ಆದರೆ ಕಾರಣವನ್ನು ಅಲ್ಲೇ ವಿವರಿಸಿ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರ ಕ್ಯಾಥೊಲಿಕರ ಹಣೆಯ ಮೇಲಿನ ಬೂದಿಯನ್ನೂ, ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರ ನೆನಪಿಗೆ ನವೆಂಬರಿನಲ್ಲಿ ಹೆಚ್ಚಾಗಿ ಪ್ರಾಟೆಸ್ಟಂಟರು ಕೋಟಿಗೆ ಚುಚ್ಚಿಕೊಳ್ಳುವ ಕೆಂಪು ‘ಪಾಪಿ’ (ಗಸಗಸೆ) ಹೂವನ್ನೂ ಹಾಗೆಯೇ ಮಾತಿಗೆ ತನ್ನಿ. ಧರ್ಮವನ್ನು ಶಾಲೆಯ ಹೊರಗಿಟ್ಟರೆ ಜಗಳ ತಪ್ಪೀತೆಂದು ಕೆಲವರು ಹೇಳುವುದುಂಟು. ಹಾಗೆ ಹೊರಗಿಟ್ಟದ್ದನ್ನು ಮಕ್ಕಳು ಬೀದಿಯಲ್ಲಿ ಬೇರೆ ಬಗೆಯಲ್ಲಿ ಕಲಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ತರಗತಿಯಲ್ಲಿ ಕ್ಯಾಥೊಲಿಕ್ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ (ಚರ್ಚಿನಲ್ಲಿ ಮೊದಲ ಬಾರಿ ಪವಿತ್ರ ರೊಟ್ಟಿ ಸ್ವೀಕರಿಸುವ ವಿಧಿಗೆ) ಸಿದ್ಧಗೊಳಿಸುವ ಹೊತ್ತಿನಲ್ಲಿ ಉಳಿದವರನ್ನು ಚಿತ್ರ ಬಿಡಿಸಲು ಕೂರಿಸಿ ಕಾಲ ತಳ್ಳಬೇಡಿ. ಅವರಿಗೂ ಅಷ್ಟೇ ತೂಕದ ಪಾಠವಿರಲಿ, ಆ ವೇಳಾಪಟ್ಟಿಯನ್ನು ದಾಖಲಾತಿಗೆ ಮೊದಲೇ ಎಲ್ಲ ಪೋಷಕರಿಗೂ ಬರವಣಿಗೆಯಲ್ಲಿ ಕೊಡಿ.