ಗಾಯ ಮುಚ್ಚಿದ ಮೇಲೆ ಶುರುವಾದ ಕೆಲಸ: ಮಗಳ ಸುಟ್ಟಗಾಯ ನೋಡಿಕೊಂಡ ನನ್ನ ಅನುಭವ

ಒಂದೂವರೆ ವರ್ಷದ ಮಗಳು ಮೇಜಿನ ಮೇಲಿದ್ದ ಬಿಸಿನೀರಿನ ಮಗ್ಗನ್ನು ತನ್ನ ಮೇಲೆ ಎಳೆದುಕೊಂಡಳು. ಬಲ ಭುಜ, ಎದೆಯ ಮೇಲ್ಭಾಗ, ಕಂಕುಳ ಮುಂಬದಿ, ಮೊಣಕೈವರೆಗಿನ ತೋಳು, ಇಷ್ಟೂ ಬೆಂದಿತು. ನಡೆಯಲು ಕಲಿತು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸಿನ ಮಕ್ಕಳಿಗೆ ಸುಟ್ಟಗಾಯ ಹೆಚ್ಚಾಗಿ ಆಗುವುದು ಹೀಗೆಯೇ, ಬೆಂಕಿಯಿಂದಲ್ಲ, ಬಿಸಿ ನೀರಿನಂಥ ದ್ರವಗಳಿಂದ. ಈಗ ಅವಳು ಆರಾಮಾಗಿದ್ದಾಳೆ. ತೋಳು ಎತ್ತಿದರೆ ಕಿವಿಗೆ ತಾಗುತ್ತದೆ. ಅಲ್ಲಿಗೆ ಮುಟ್ಟುವವರೆಗೆ ಮನೆಯಲ್ಲಿ ನಾವು ಏನೇನು ಮಾಡಿದೆವು ಎನ್ನುವುದನ್ನು, ಇದೇ ದಾರಿಯಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಗಾಯ ವಾಸಿ ಮಾಡುವುದರಲ್ಲಿ ಆಸ್ಪತ್ರೆಯ ಪಾಲು ದೊಡ್ಡದು, ನಿಜ. ಆದರೆ ಗಾಯ ಮುಚ್ಚಿದ ಮೇಲೆ ಒಂದು, ಒಂದೂವರೆ ವರ್ಷದ ಕೆಲಸ ಇರುತ್ತದೆ. ಅದು ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಆಗಬೇಕು.

ಮೊದಲು ನೀರಿನ ವಿಷಯ. ಅವಳನ್ನು ಎತ್ತಿಕೊಂಡು ನೇರವಾಗಿ ನಲ್ಲಿಯ ಕೆಳಗೆ ಹಿಡಿದೆ. ನನ್ನ ಗಂಡ ಅಂಗಿ ಬಿಚ್ಚಿದರು, ಡೈಪರನ್ನೂ ತೆಗೆದರು. ನೆನೆದ ಬಟ್ಟೆ, ಡೈಪರ್ ಎರಡೂ ಬಿಸಿಯನ್ನು ಹಿಡಿದಿಟ್ಟುಕೊಂಡು ಸುಡುತ್ತಲೇ ಇರುತ್ತವೆ. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬಾರದು, ಅದರ ಮೇಲೆಯೇ ನೀರು ಬಿಡಬೇಕು. ಹರಿಯುವ ತಣ್ಣೀರು, ಪೂರ್ತಿ 20 ನಿಮಿಷ. ಮಗು ಕಿರುಚುತ್ತಿರುವಾಗ ಅದು ಮುಗಿಯದ ಹೊತ್ತು. ಎರಡೇ ನಿಮಿಷಕ್ಕೆ ಸಾಕು, ಆಸ್ಪತ್ರೆಗೆ ಓಡೋಣ ಅನ್ನಿಸುತ್ತದೆ. ಗಡಿಯಾರ ನೋಡಿಕೊಂಡು ನಿಲ್ಲಬೇಕು, ಯಾಕೆಂದರೆ ಮೇಲೆ ತಣ್ಣಗಾದಂತೆ ಕಂಡರೂ ಚರ್ಮದ ಒಳಪದರದಲ್ಲಿ ಬಿಸಿ ಉಳಿದು ಗಾಯವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಇದರಿಂದ ಪ್ರಯೋಜನ ಇದೆ. ಐಸ್ ಬೇಡ, ಅದು ರಕ್ತನಾಳಗಳನ್ನು ಬಿಗಿಸಿ ಗಾಯವನ್ನು ಕೆಡಿಸುತ್ತದೆ. ಟೂತ್‌ಪೇಸ್ಟ್, ಎಣ್ಣೆ, ಯಾವುದೇ ಪುಡಿ ಹಚ್ಚಬೇಡಿ. ವೈದ್ಯರು ಗಾಯ ನೋಡಬೇಕಾದರೆ ಅದನ್ನೆಲ್ಲ ಒರೆಸಿ ತೆಗೆಯಬೇಕಾಗುತ್ತದೆ, ಆ ನೋವನ್ನೂ ಮಗುವೇ ತಿನ್ನಬೇಕು. ಪುಟ್ಟ ಮಕ್ಕಳ ಮೈ ಬೇಗ ತಣ್ಣಗಾಗಿಬಿಡುವುದರಿಂದ ನೀರು ಗಾಯದ ಮೇಲಷ್ಟೇ ಬೀಳುವಂತೆ ಹಿಡಿದು, ಉಳಿದ ಮೈಗೆ ಒಣ ಟವೆಲ್ ಸುತ್ತಿದ್ದೆವು. ಆಮೇಲೆ ಗಾಯದ ಮೇಲೆ ಕ್ಲಿಂಗ್ ಫಿಲ್ಮನ್ನು (ಅಡುಗೆಮನೆಯಲ್ಲಿ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ) ಬಿಗಿಯಾಗಿ ಸುತ್ತದೆ, ಹಾಳೆಯಂತೆ ಹೊದಿಸಿ ಹೊರಟೆವು. ಗಾಳಿ ತಾಗದಿದ್ದರೆ ಉರಿ ಕಡಿಮೆ. ಅದು ಇಲ್ಲದಿದ್ದರೆ ಒಗೆದ ಹತ್ತಿಬಟ್ಟೆ ಆಗುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಅಳೆದದ್ದು ಗಾಯದ ವಿಸ್ತೀರ್ಣ. ಮಗುವಿನದೇ ಅಂಗೈ, ಬೆರಳುಗಳೂ ಸೇರಿ, ಅದರ ಮೈಚರ್ಮದ ಸುಮಾರು ಶೇ. 1ರಷ್ಟು. ಆ ಲೆಕ್ಕದಲ್ಲಿ ಅಂದಾಜು ಹಾಕುತ್ತಾರೆ. ಮಕ್ಕಳಲ್ಲಿ ಶೇ. 10 ದಾಟಿದರೆ ಸಾಮಾನ್ಯವಾಗಿ ಡ್ರಿಪ್ ಹಾಕಲೇಬೇಕು. ಆಳ ಎಷ್ಟೆಂದು ಮೊದಲ ದಿನ ಖಚಿತವಾಗಿ ಹೇಳಲಾಗುವುದಿಲ್ಲ, ಗಾಯ ಎರಡು ಮೂರು ದಿನ ಬದಲಾಗುತ್ತಲೇ ಇರುತ್ತದೆ. ಗುಲಾಬಿ ಬಣ್ಣ, ಒದ್ದೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು, ಒತ್ತಿ ಬಿಟ್ಟರೆ ಬೆಳ್ಳಗಾಗಿ ಮತ್ತೆ ಕೆಂಪೇರುವುದು, ಇವೆಲ್ಲ ಒಳ್ಳೆಯ ಲಕ್ಷಣಗಳು. ಬಿಳಿಚಿಕೊಂಡು ನೋವೇ ಇಲ್ಲದಿದ್ದರೆ ಆಳಕ್ಕೆ ಹೋಗಿದೆ ಎಂದರ್ಥ. ಮಗಳ ಎದೆ ಮತ್ತು ತೋಳು ಮೊದಲನೆಯ ಬಗೆ, ಬೇಗ ಮಾಗಿದವು. ಕಂಕುಳ ಮುಂದಿನ ಒಂದು ತುಂಡು ಮಾತ್ರ ಹಠ ಹಿಡಿಯಿತು. ಚರ್ಮ ಕಸಿ ಮಾಡಬೇಕಾಗಬಹುದು ಎಂಬ ಮಾತು ಬಂದು, ಕೊನೆಗೆ ಅದಿಲ್ಲದೆಯೇ ಮುಚ್ಚಿತು. ಎರಡು ವಾರದೊಳಗೆ ಮುಚ್ಚಿದ ಗಾಯ ಹೆಚ್ಚಾಗಿ ದಪ್ಪ ಕಲೆ ಬಿಡುವುದಿಲ್ಲ. ಮೂರು ವಾರ ದಾಟಿದ್ದು ಬಿಡುವ ಸಾಧ್ಯತೆ ಹೆಚ್ಚು. ಆ ತುಂಡು ಮೂರು ವಾರ ದಾಟಿತ್ತು.

ಮನೆಗೆ ಕಳಿಸುವಾಗ ವೈದ್ಯರು ಒತ್ತಿ ಹೇಳಿದ ಒಂದು ಮಾತನ್ನು ಇಲ್ಲಿ ನಾನೂ ಒತ್ತಿ ಹೇಳುತ್ತೇನೆ. ಗಾಯ ಚಿಕ್ಕದಾಗಿದ್ದರೂ, ನೋಡಲು ಸ್ವಚ್ಛವಾಗಿದ್ದರೂ, ಮೊದಲ ಕೆಲವು ದಿನಗಳಲ್ಲಿ ಮಗುವಿಗೆ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ, ಭೇದಿ, ಎಬ್ಬಿಸಿದರೂ ಏಳದ ಮಂಕು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೋ ಹಗಲೋ ಎಂದು ನೋಡದೆ ಕರೆತನ್ನಿ ಎಂದರು. ಟಾಕ್ಸಿಕ್ ಶಾಕ್ ಸಿಂಡ್ರೋಮ್, ಅಂದರೆ ಗಾಯದಲ್ಲಿ ಸೇರಿದ ಬ್ಯಾಕ್ಟೀರಿಯಾದ ವಿಷ ಮೈಗೆಲ್ಲ ಹರಡುವುದು, ಅಪರೂಪ, ಆದರೆ ಸುಟ್ಟಗಾಯವಾದ ಚಿಕ್ಕ ಮಕ್ಕಳಲ್ಲಿ ಬಂದರೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ನಾವು ಥರ್ಮಾಮೀಟರನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆವು.

ಇನ್ನು ಡ್ರೆಸ್ಸಿಂಗ್. ನನಗೆ ಅತಿ ಕಷ್ಟವಾದದ್ದೂ, ಕೊನೆಗೆ ಕೈ ಪಳಗಿದ್ದೂ ಇದರಲ್ಲೇ. ಮೊದಲೆಲ್ಲ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಕೈಕಾಲು ಹಿಡಿದುಕೊಳ್ಳುತ್ತಿದ್ದರು. ಮಲಗಿಸಿ ಹಿಡಿದರೆ ಮಗುವಿಗೆ ನೋವಿಗಿಂತ ಭಯವೇ ಹೆಚ್ಚು. ಅನುಭವಿ ನರ್ಸ್ ಒಬ್ಬರು, "ಅಮ್ಮ, ನೀವು ಕೂತ್ಕೊಳ್ಳಿ, ಎದೆಗೆ ಎದೆ ತಾಗೋ ಹಾಗೆ ತೊಡೆ ಮೇಲೆ ಕೂರಿಸ್ಕೊಳ್ಳಿ, ನಾನು ಪಕ್ಕದಿಂದ ಮಾಡ್ತೀನಿ" ಎಂದರು. ಅವತ್ತಿನಿಂದ ಅರ್ಧ ಹೋರಾಟ ನಿಂತಿತು. ಮನೆಯಲ್ಲೂ ಅದನ್ನೇ ಮುಂದುವರಿಸಿದೆವು. ವೈದ್ಯರು ತೂಕಕ್ಕೆ ಸರಿಯಾಗಿ ಬರೆದುಕೊಟ್ಟ ನೋವಿನ ಔಷಧವನ್ನು ಅರ್ಧ ಗಂಟೆ ಮುಂಚೆಯೇ ಕೊಡುತ್ತಿದ್ದೆ. ಬೇಕಾದ ಸಾಮಾನನ್ನೆಲ್ಲ ಅವಳು ಬರುವ ಮೊದಲೇ ಬಿಡಿಸಿಟ್ಟು, ಸೋಪು ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಒಳಗಿನ ಪದರ ಅಂಟಿಕೊಂಡಿದ್ದರೆ ಎಳೆಯುವ ಮಾತೇ ಇಲ್ಲ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರನ್ನು ಅಂಚಿನಿಂದ ಹನಿಸುತ್ತಾ ಹೋದರೆ ಬಟ್ಟೆ ತಾನಾಗಿ ತೇಲಿ ಬಿಟ್ಟುಕೊಳ್ಳುತ್ತದೆ. ಅವಸರ ಮಾಡಿ ಎಳೆದರೆ ಆಗಷ್ಟೇ ಹುಟ್ಟಿದ ಚರ್ಮವೂ ಅದರ ಜೊತೆ ಕಿತ್ತು ಬರುತ್ತದೆ.

ಇಷ್ಟರಲ್ಲಿ ಒಂದು ಕೆಲಸವನ್ನು ಅವಳಿಗೇ ಬಿಟ್ಟುಕೊಟ್ಟೆ. ಟೇಪಿನ ತುದಿಯನ್ನು ನಾನು ಸ್ವಲ್ಪ ಎತ್ತಿಕೊಡುತ್ತಿದ್ದೆ, ಬಿಚ್ಚುವುದು ಅವಳ ಪಾಲಿನ ಕೆಲಸ. ಒಂದು ಬೆರಳಿನಷ್ಟು ಬಿಚ್ಚುತ್ತಾಳೆ, ನಿಲ್ಲಿಸುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಹೊತ್ತು ಹಿಡಿಯುತ್ತಿತ್ತು, ಆದರೆ ಕಿರುಚಾಟ ಇಲ್ಲ. "ನಿಲ್ಸು" ಅಂದರೆ ನಿಲ್ಲಿಸುತ್ತಿದ್ದೆ, ಐದು ಎಣಿಸಿ ಮುಂದುವರಿಸುತ್ತಿದ್ದೆ. ಮಾತಾಡುವವರು ಒಬ್ಬರೇ ಇರಬೇಕು. ಸುತ್ತ ನಾಲ್ಕು ಜನ ನಿಂತು "ಆಯ್ತು ಆಯ್ತು, ಏನೂ ಆಗಲ್ಲ" ಎಂದು ಒಟ್ಟಿಗೆ ಸಮಾಧಾನ ಮಾಡಿದರೆ ಮಗು ಇನ್ನಷ್ಟು ಕಂಗೆಡುತ್ತದೆ. ಮತ್ತೆ, ಅವಳು ಮಲಗುವ ಹಾಸಿಗೆಯ ಮೇಲೆ ಎಂದೂ ಡ್ರೆಸ್ಸಿಂಗ್ ಮಾಡಲಿಲ್ಲ. ಅಲ್ಲಿ ನೋವಿನ ಕೆಲಸ ನಡೆಯುವುದಿಲ್ಲ ಎಂಬ ನಂಬಿಕೆ ಅವಳಿಗೆ ಉಳಿಯಬೇಕಿತ್ತು.

ಆ ದಿನಗಳಲ್ಲಿ ಅವಳು ಕಲಿತಿದ್ದ ಕೆಲವು ಮಾತುಗಳನ್ನು ಬಿಟ್ಟುಬಿಟ್ಟಳು. ರಾತ್ರಿ ಬೆಚ್ಚಿ ಏಳುತ್ತಿದ್ದಳು, ನನ್ನ ಸೆರಗು ಬಿಡುತ್ತಿರಲಿಲ್ಲ. ಇದು ಸಹಜ, ಬಹಳಷ್ಟು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಮಕ್ಕಳ ಮನಸ್ಸಿನ ವೈದ್ಯರನ್ನು ಕಾಣಲು ಹಿಂಜರಿಯಬಾರದು. ಗೊಂಬೆಗೆ ಬ್ಯಾಂಡೇಜ್ ಸುತ್ತುವ ಆಟ ಅವಳೇ ಶುರು ಮಾಡಿದಳು. ನಾವು ತಡೆಯಲಿಲ್ಲ, ಹಳೆಯ ಬ್ಯಾಂಡೇಜ್ ಸುರುಳಿ ಕೊಟ್ಟೆವು. ದೊಡ್ಡವರಿಗೂ ಈ ಹೊತ್ತಿನಲ್ಲಿ ಆಸರೆ ಬೇಕು. ನೋಡಲು ಬಂದವರು "ಯಾರು ಇಟ್ಟಿದ್ದು ಮಗ್ಗು?" ಎಂದು ಕೇಳತೊಡಗಿದಾಗ ನನ್ನ ಅತ್ತೆಯವರು, "ಮಗು ಮುಂದೆ ಆ ಮಾತು ಬೇಡ, ಅವಳು ಹುಷಾರಾಗ್ಲಿ" ಎಂದು ಅಲ್ಲಿಗೇ ಮುಗಿಸಿದರು. ಆ ಒಂದು ಮಾತಿನಿಂದ ನಮ್ಮಿಬ್ಬರಿಗೂ ಉಸಿರಾಡಲು ಆಯಿತು.

ಗಾಯ ಮುಚ್ಚಿತು ಎಂದು ಮನೆಯವರೆಲ್ಲ ನೆಮ್ಮದಿಪಡುವ ಹೊತ್ತಿಗೆ ತುರಿಕೆ ಶುರುವಾಯಿತು. ನೋವಿಗಿಂತ ಇದು ನಮ್ಮ ನಿದ್ದೆ ಹೆಚ್ಚು ಕೆಡಿಸಿತು. ಹೊಸ ಚರ್ಮದಲ್ಲಿ ಎಣ್ಣೆಗ್ರಂಥಿಗಳು ಇರುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇಗ ಒಣಗಿ ಬಿರಿಯುತ್ತದೆ. ದಿನಕ್ಕೆ ನಾಲ್ಕೈದು ಸಲ ವಾಸನೆಯಿಲ್ಲದ ಮಾಯಿಶ್ಚರೈಸರ್, ಮೆತ್ತನೆಯ ಹತ್ತಿಯಂಗಿ, ಗಿಡ್ಡವಾಗಿ ಕತ್ತರಿಸಿದ ಉಗುರು, ರಾತ್ರಿಗೆ ವೈದ್ಯರು ಕೊಟ್ಟ ಅಲರ್ಜಿ ಔಷಧ, ಇಷ್ಟರಿಂದ ಸಂಭಾಳಿಸಿದೆವು.

ಕಲೆ ಮೊದಲು ಚಪ್ಪಟೆಯಾಗಿತ್ತು. ಆಮೇಲೆ ಕೆಂಪಗೆ ಉಬ್ಬಿ ಗಡುಸಾಗತೊಡಗಿದಾಗ ಗಾಬರಿಯಾದೆ. ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಸಮಾಧಾನವಾಯಿತು: ಇಂಥ ಕಲೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಬೆಳೆದು, ಆಮೇಲೆ ನಿಧಾನವಾಗಿ ಮೆತ್ತಗಾಗಿ ಬಣ್ಣ ಇಳಿಯುತ್ತದೆ. ಪೂರ್ತಿ ಮಾಗಲು ಒಂದರಿಂದ ಎರಡು ವರ್ಷ ಹಿಡಿಯಬಹುದು. ಮಸಾಜ್ ಮಾಡುವ ರೀತಿಯನ್ನು ಅವರು ನನ್ನ ಬೆರಳು ಹಿಡಿದು ಕಲಿಸಿದರು. ಉಜ್ಜಬಾರದು, ಹೊಸ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ. ಬೆರಳ ತುದಿಯನ್ನು ಕಲೆಯ ಮೇಲೆ ಇಟ್ಟು, ಕೆಂಪು ಮಾಸಿ ಬೆಳ್ಳಗಾಗುವಷ್ಟು ಒತ್ತಿ, ಬೆರಳು ಚರ್ಮದ ಮೇಲೆ ಜಾರದಂತೆ, ಚರ್ಮವೇ ಅಡಿಯ ಮಾಂಸದ ಮೇಲೆ ಸರಿಯುವಂತೆ ನಿಧಾನವಾಗಿ ವೃತ್ತ ಬರೆಯಬೇಕು. ಕ್ರಮೇಣ ಬೆರಳಿಗೆ ಗೊತ್ತಾಗತೊಡಗುತ್ತದೆ, ಇಲ್ಲಿ ಸಡಿಲವಾಗಿದೆ, ಇಲ್ಲಿ ಇನ್ನೂ ಕಚ್ಚಿಕೊಂಡಿದೆ ಎಂದು. ಕಲೆಯ ಮೇಲೆ ಅಂಟಿಸುವ ಮೆತ್ತನೆಯ ಸಿಲಿಕಾನ್ ಜೆಲ್ ಶೀಟ್ ಮತ್ತು ಅದರ ಮೇಲೆ ಅಳತೆಗೆ ಹೊಲಿಸಿದ ಪ್ರೆಶರ್ ಗಾರ್ಮೆಂಟ್ (ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು) ಕೂಡ ಇತ್ತು. ಸ್ನಾನ, ಮಸಾಜ್ ಬಿಟ್ಟರೆ ದಿನಕ್ಕೆ ಸುಮಾರು 23 ಗಂಟೆ ತೊಡಿಸಬೇಕು ಎಂದಿದ್ದರು. ಬೆಳೆಯುವ ಮಗುವಾದ್ದರಿಂದ ಆಗಾಗ ಹೊಸ ಅಳತೆ ಕೊಡಬೇಕಾಯಿತು. ಸಡಿಲವಾದ ಗಾರ್ಮೆಂಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಂಕುಳ ಮುಂದೆ ಒಂದು ಬಿಗಿ ಪಟ್ಟಿ ಎದ್ದಿತ್ತು, ತೋಳು ಎತ್ತಿದರೆ ಎಳೆದು ಕಟ್ಟಿದ ಹುರಿಯಂತೆ ಕಾಣುತ್ತಿತ್ತು. ಮಗು ತನಗೆ ಹಿತವಾಗುವಂತೆ ತೋಳನ್ನು ಮೈಗೆ ಒತ್ತಿಕೊಂಡೇ ಇರುತ್ತದೆ, ಕಲೆ ಆ ಭಂಗಿಯಲ್ಲೇ ಬಿಗಿದುಕೊಳ್ಳುತ್ತದೆ. ಹಾಗಾಗಿ ರಾತ್ರಿ ತೋಳನ್ನು ಮೈಯಿಂದ ದೂರ ಹಿಡಿದು ನಿಲ್ಲಿಸುವ ಗಟ್ಟಿ ಆಸರೆ, ಅಂದರೆ ಸ್ಪ್ಲಿಂಟ್, ಹಾಕುತ್ತಿದ್ದೆವು. ಹಗಲು ವ್ಯಾಯಾಮ ಮಾಡು ಎಂದರೆ ಆ ವಯಸ್ಸಿನವಳು ಮಾಡುತ್ತಾಳೆಯೇ? ಅವಳಿಗೆ ಇಷ್ಟವಾದ ಸ್ಟಿಕರ್‌ಗಳನ್ನು ಗೋಡೆಯ ಮೇಲೆ ಅವಳ ತಲೆಗಿಂತ ಎತ್ತರದಲ್ಲಿ ಅಂಟಿಸಿದೆ, ಬಲಗೈಯಿಂದಲೇ ಕೀಳಬೇಕು. ಎಡಗೈ ಮುಂದೆ ಬಂದರೆ ಅದರಲ್ಲಿ ಗೊಂಬೆ ಹಿಡಿಸುತ್ತಿದ್ದೆ. ಸೋಪಿನ ಗುಳ್ಳೆ ಊದಿ ಮೇಲೆ ಬಿಟ್ಟರೆ ಹಿಡಿಯಲು ಎರಡೂ ಕೈ ಎತ್ತುತ್ತಿದ್ದಳು. ಸ್ಟಿಕರ್ ಅಂಟಿಸುವ ಗೆರೆ ಗೋಡೆಯ ಮೇಲೆ ಮೇಲೇರುತ್ತಾ ಹೋಯಿತು.

ಈಗ ಉಳಿದಿರುವುದು ಎರಡು ಕೆಲಸ. ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗಿ ಹಾಗೇ ಉಳಿದುಬಿಡುತ್ತದೆ, ಆದ್ದರಿಂದ ಹೊರಗೆ ಹೊರಟರೆ ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್. ಎರಡನೆಯದು ತಪಾಸಣೆ. ಮೈ ಬೆಳೆಯುವ ವೇಗಕ್ಕೆ ಕಲೆ ಹಿಗ್ಗುವುದಿಲ್ಲ. ಇವತ್ತು ಸಲೀಸಾಗಿ ಏಳುವ ತೋಳು ಎತ್ತರ ಹೆಚ್ಚಿದಂತೆ ಮತ್ತೆ ಎಳೆಯಬಹುದು, ಆಗ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ಸಡಿಲಿಸಬೇಕಾಗಬಹುದು. ಎದೆಯ ಭಾಗವನ್ನು ಪ್ರೌಢವಯಸ್ಸಿನವರೆಗೂ ಗಮನಿಸುತ್ತಿರಬೇಕು ಎಂದು ವೈದ್ಯರು ಫೈಲಿನಲ್ಲೇ ಬರೆದುಕೊಟ್ಟಿದ್ದಾರೆ. ಆ ಫೈಲನ್ನು, ಪ್ರತಿ ತಿಂಗಳು ಒಂದೇ ಬೆಳಕಿನಲ್ಲಿ ತೆಗೆದ ಫೋಟೊಗಳ ಸಮೇತ, ಜೋಪಾನ ಮಾಡಿಟ್ಟಿದ್ದೇನೆ. ಮುಂದೆ ಯಾವ ವೈದ್ಯರು ನೋಡಿದರೂ ಕಲೆ ಹೇಗೆ ಬದಲಾಯಿತು ಎಂಬುದು ಅವರಿಗೆ ಮೊದಲ ನೋಟಕ್ಕೇ ಸಿಗಬೇಕು.