ಸಮುರಾಯ್ ಗೇಮ್‌ಗಳಲ್ಲಿ ಇತಿಹಾಸ ಎಷ್ಟು ಸರಿ? ವಾದಕ್ಕೆ ಇಳಿಯುವ ಮುನ್ನ ಮಾಡಬೇಕಾದ ಕೆಲಸ

"ಈ ಗೇಮ್‌ನಲ್ಲಿ ಇತಿಹಾಸವೇ ತಪ್ಪು" ಎಂದು ಶುರುವಾದ ವಾದ ಮುಗಿಯುವುದೇ ಇಲ್ಲ. ಯಾವ ವರ್ಷ, ಯಾವ ಜಾಗ, ಯಾವ ವಸ್ತು ಎಂಬುದು ಆ ಮಾತಿನಲ್ಲಿ ಇರುವುದಿಲ್ಲ. ಊಳಿಗಮಾನ್ಯ ಜಪಾನ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುವ ಕಾಲ 1185ರ ಆಸುಪಾಸಿನಿಂದ 1868ರವರೆಗೆ, ಸುಮಾರು ಏಳುನೂರು ವರ್ಷ. ಅದರ ಆರಂಭದ ಯೋಧ ಓಡುವ ಕುದುರೆಯ ಮೇಲಿಂದ ಬಾಣ ಬಿಡುವವನು. ಕೊನೆಯ ಕಾಲದವರಲ್ಲಿ ಎಷ್ಟೋ ಮಂದಿ ಕಡತ ಬರೆಯುತ್ತಾ, ಯುದ್ಧವನ್ನೇ ಕಾಣದೆ ಬದುಕು ಮುಗಿಸಿದವರು.

ಆದ್ದರಿಂದ ಮೊದಲು ಹಿಡಿಯಬೇಕಾದದ್ದು ವರ್ಷ. ಘೋಸ್ಟ್ ಆಫ್ ತ್ಸುಷಿಮಾ ನಡೆಯುವುದು ತ್ಸುಷಿಮಾ ದ್ವೀಪದ ಮೇಲೆ ಮಂಗೋಲರು ದಾಳಿ ಮಾಡಿದ 1274ರಲ್ಲಿ, ಘೋಸ್ಟ್ ಆಫ್ ಯೋತೇ 1603ರಲ್ಲಿ. ಅಸ್ಯಾಸಿನ್ಸ್ ಕ್ರೀಡ್ ಷ್ಯಾಡೋಸ್ 1579ರಿಂದ ಮುಂದಕ್ಕೆ, ನಿಯೋ 1600ರ ಸುತ್ತಮುತ್ತ. ಸೆಕಿರೋದಲ್ಲಿ ಬರುವ ಅಷಿನಾ ನಾಡು ಕಲ್ಪಿತ. ಅಲ್ಲಿ ವರ್ಷ ಹಿಡಿದು ತಪ್ಪು ಹುಡುಕುವುದು ವ್ಯರ್ಥ ಶ್ರಮ.

ವರ್ಷ ಸಿಕ್ಕ ಮೇಲೆ ತಾರೀಖಿನ ಲೆಕ್ಕ. ಹಳೆಯ ಜಪಾನಿ ದಾಖಲೆಗಳು ಯುಗದ ಹೆಸರಿನಿಂದ ವರ್ಷ ಎಣಿಸುತ್ತವೆ. ಬುನ್‌ಎಯ್ ಯುಗದ ವರ್ಷಕ್ಕೆ 1263, ತೆನ್ಶೋಗೆ 1572, ಕೇಚೋಗೆ 1595 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ: ಬುನ್‌ಎಯ್ 11 ಎಂದರೆ 1274. ತಿಂಗಳುಗಳು ಮಾತ್ರ ಚಾಂದ್ರಮಾನದವು, ಎಡವುವುದು ಇಲ್ಲೇ. ಆ ಕಾಲದ ಪ್ರಬಲ ಸೇನಾನಾಯಕ ಓಡಾ ನೊಬುನಾಗಾ ಸತ್ತ ಹೊನ್ನೋಜಿ ಘಟನೆ ತೆನ್ಶೋ 10ರ ಆರನೇ ತಿಂಗಳ ಎರಡನೇ ದಿನದ್ದು. ಅದನ್ನು ಜೂನ್ 2 ಎಂದು ಬರೆದವರ ಸಂಖ್ಯೆ ದೊಡ್ಡದು; ಆಗಿನ ಯುರೋಪಿನ ಕ್ಯಾಲೆಂಡರಿನಲ್ಲಿ ಅದು 1582ರ ಜೂನ್ 21. ದೃಶ್ಯದಲ್ಲಿ ಚೆರ್ರಿ ಹೂವು ಅರಳಿರುವುದು ಸರಿಯೋ ತಪ್ಪೋ ಎಂಬ ಜಗಳದಲ್ಲೂ ಇದೇ ಆಗುತ್ತದೆ. ಮೂರನೇ ತಿಂಗಳು ಎಂದರೆ ಮಾರ್ಚ್ ಎಂದುಕೊಂಡರೆ ಇಡೀ ವಾದವೇ ಕೆಲವು ವಾರ ಹಿಂದಕ್ಕೆ ಸರಿದಿರುತ್ತದೆ. ಹನ್ನೆರಡನೇ ತಿಂಗಳ ಘಟನೆಯಾದರೆ ಇಸವಿಯನ್ನೂ ಮತ್ತೊಮ್ಮೆ ನೋಡಿ. ಅದು ಎಷ್ಟೋ ಸಲ ಮುಂದಿನ ಇಸವಿಗೆ ಬೀಳುತ್ತದೆ.

ಆಮೇಲೆ ಒಂದೇ ಒಂದು ವಸ್ತು ಆರಿಸಿಕೊಳ್ಳಿ. ತ್ಸುಷಿಮಾ ಗೇಮ್‌ನ ಕತ್ತಿಯನ್ನೇ ನೋಡೋಣ. 1274ರ ಕುದುರೆ ಸವಾರ ಧರಿಸುತ್ತಿದ್ದದ್ದು ತಾಚಿ. ಅದು ದಾರದಿಂದ ಸೊಂಟಕ್ಕೆ ತೂಗುತ್ತದೆ, ಅಲಗು ಕೆಳಮುಖ. ಅಲಗು ಮೇಲ್ಮುಖವಾಗಿ ನಡುಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುವ ಕಟಾನಾದ ರೂಢಿ ವ್ಯಾಪಕವಾದದ್ದು ಮುರೊಮಾಚಿ ಕಾಲದಲ್ಲಿ, ಮುಖ್ಯವಾಗಿ ಹದಿನೈದನೇ ಶತಮಾನದಲ್ಲಿ. ಸ್ಕ್ರೀನ್‌ಶಾಟ್‌ನಲ್ಲಿ ನೋಡಬೇಕಾದದ್ದು ಎರಡೇ: ಒರೆ ತೂಗುತ್ತಿದೆಯೋ ಪಟ್ಟಿಯೊಳಗೆ ಸಿಕ್ಕಿದೆಯೋ, ಅದರ ಬಾಗು ಯಾವ ಕಡೆಗಿದೆ. ಗೇಮ್‌ನ ನಾಯಕ ಜಿನ್ ಸಕಾಯ್ ಧರಿಸಿರುವುದು ಕಟಾನಾ, ಅಂದರೆ ಒಂದು ಶತಮಾನಕ್ಕೂ ಹೆಚ್ಚು ಮುಂಚೆ.

ಇಲ್ಲಿ ಎದುರಾಳಿ ವಸ್ತುಸಂಗ್ರಹಾಲಯದ ಚಿತ್ರವೊಂದನ್ನು ತಂದು, "ಹದಿಮೂರನೇ ಶತಮಾನದ ಕಟಾನಾ ಇಲ್ಲಿದೆಯಲ್ಲ" ಎನ್ನಬಹುದು. ಚಿತ್ರ ನಿಜವೇ ಇರಬಹುದು. ಹಳೆಯ ತಾಚಿಗಳನ್ನು ನಂತರದವರು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿ ಕಟಾನಾದಂತೆ ಧರಿಸಿದ್ದು ಬಹಳ ಸಾಮಾನ್ಯ. ಈ ಕತ್ತರಿಸುವಿಕೆಗೆ ಸುರಿಯಾಗೆ ಎನ್ನುತ್ತಾರೆ. ಅಲಗಿನ ವಯಸ್ಸು ಬೇರೆ, ಅದನ್ನು ಧರಿಸಿದ ರೀತಿಯ ವಯಸ್ಸು ಬೇರೆ. ಅಲ್ಲದೆ ಕಟಾನಾ ಎಂಬ ಪದ ಅದಕ್ಕೂ ಹಳೆಯದು. ಹಾಗಾಗಿ "ಆಗ ಕಟಾನಾ ಇರಲಿಲ್ಲ" ಎನ್ನುವ ಬದಲು "ಆಗ ಅಲಗು ಮೇಲ್ಮುಖವಾಗಿ ಪಟ್ಟಿಯೊಳಗೆ ಉದ್ದ ಕತ್ತಿ ಧರಿಸುವ ರೂಢಿ ಇರಲಿಲ್ಲ" ಎಂದರೆ ಮಾತು ಗಟ್ಟಿಯಾಗಿ ನಿಲ್ಲುತ್ತದೆ.

ಕಾವ್ಯದ ವಿಷಯಕ್ಕೆ ಬಂದರೆ ಭಾಷೆಯ ಆವೃತ್ತಿಯನ್ನೂ ನೋಡಲೇಬೇಕು. ಇಂಗ್ಲಿಷ್ ಆವೃತ್ತಿಯಲ್ಲಿ ಜಿನ್ ಹೈಕು ಕಟ್ಟುತ್ತಾನೆ. ಹೈಕು ಸ್ವತಂತ್ರ ಪ್ರಕಾರವಾಗಿ ಬೆಳೆದದ್ದು ಹದಿನೇಳನೇ ಶತಮಾನದಲ್ಲಿ. ಆ ಹೆಸರನ್ನು ನೆಲೆಗೊಳಿಸಿದವನು ಹತ್ತೊಂಬತ್ತನೇ ಶತಮಾನದ ಕೊನೆಯ ಮಸಓಕಾ ಷಿಕಿ. ಆದರೆ ಜಪಾನಿ ಆವೃತ್ತಿಯಲ್ಲಿ ಅದೇ ಜಾಗದಲ್ಲಿರುವುದು ವಾಕಾ, 1274ಕ್ಕೆ ಒಪ್ಪುವ ಹಳೆಯ ಕಾವ್ಯ ಪ್ರಕಾರ. ಇಬ್ಬರು ಎರಡು ಆವೃತ್ತಿ ಆಡಿ ವಾದಕ್ಕೆ ಕೂತರೆ ಇಬ್ಬರೂ ಸರಿ, ಇಬ್ಬರಿಗೂ ಸಿಟ್ಟು.

ಸರಿ ಇರುವುದನ್ನೂ ಬರೆದುಕೊಳ್ಳಿ. ಕೊಮೊದಾ ಕಡಲತೀರದಲ್ಲಿ ಸುಮಾರು 80 ಸವಾರರು ದಾಳಿಯನ್ನು ಎದುರಿಸಿದ ಪ್ರಸಂಗ ಇತಿಹಾಸದಿಂದಲೇ ಬಂದದ್ದು. ಅವರ ನಾಯಕ ಸೋ ಸುಕೆಕುನಿ ಅಲ್ಲೇ ಸತ್ತ. ಮಂಗೋಲರ ಕಡೆಯ ಸಿಡಿಗುಂಡುಗಳೂ ನಿಜ: ಆ ಯುದ್ಧದಲ್ಲಿ ಕಾದಿದ ತಕೆಜಾಕಿ ಸುಯೆನಾಗಾ ಬರೆಯಿಸಿದ ಚಿತ್ರಸುರುಳಿಯಲ್ಲಿ ಅವು ಕಾಣುತ್ತವೆ, ತಕಾಷಿಮಾ ಬಳಿಯ ಕಡಲತಳದಲ್ಲೂ ಸಿಕ್ಕಿವೆ. ನನ್ನ ಪ್ರಕಾರ ಈ ಗೇಮ್‌ನ ದೊಡ್ಡ ಕೊರತೆ ಕತ್ತಿಯಲ್ಲ, ಬಿಲ್ಲಿನ ಸ್ಥಾನ. ಆಗಿನ ಯೋಧರು ತಮ್ಮ ಬದುಕನ್ನು ಕರೆದುಕೊಂಡದ್ದೇ ಬಿಲ್ಲು ಮತ್ತು ಕುದುರೆಯ ದಾರಿ ಎಂದು. ದಾಳಿಯ ಪಡೆಯಲ್ಲಿ ಕೊರಿಯಾದ ಗೊರ್ಯೊ ರಾಜ್ಯದ ಸೈನಿಕರೂ ಇದ್ದರು, ಹಡಗುಗಳು ಸಿದ್ಧವಾದದ್ದೂ ಅಲ್ಲೇ. ಗೇಮ್ ಇದನ್ನು ಬಹುತೇಕ ಬಿಟ್ಟಿದೆ. ಕತ್ತಿಯ ಬಗ್ಗೆ ನೂರು ಜನ ಕೂಗುವಾಗ ಇದನ್ನು ಎತ್ತುವವರು ಕಡಿಮೆ, ಎತ್ತಬೇಕಾದದ್ದು ಇದು.

ಆಧಾರ ತೂಗುವುದು ಮುಂದಿನ ಕೆಲಸ. ಪ್ರತಿ ಆಧಾರಕ್ಕೂ ಮೂರು ಪ್ರಶ್ನೆ ಹಾಕಿ: ಬರೆದವನು ಆ ಕಾಲದವನೇ? ಘಟನೆಗೆ ಹತ್ತಿರ ಇದ್ದವನೇ? ನಮ್ಮ ಕೈಯಲ್ಲಿರುವುದು ಯಾವ ಪ್ರತಿ? 1575ರ ನಾಗಾಶಿನೋ ಕದನದಲ್ಲಿ ಬಂದೂಕುಗಾರರು ಮೂರು ಸಾಲಿನಲ್ಲಿ ನಿಂತು ಸರದಿಯಂತೆ ಗುಂಡು ಹಾರಿಸಿದರು ಎಂಬ ದೃಶ್ಯ ಎಲ್ಲರಿಗೂ ಗೊತ್ತು. ನೊಬುನಾಗಾನ ಸೇವೆಯಲ್ಲಿದ್ದ ಓಟಾ ಗ್ಯೂಇಚಿಯ ವೃತ್ತಾಂತದಲ್ಲಿ ಅದು ಇಲ್ಲ. ನಂತರ ಓಜೆ ಹೋಆನ್ ಅದನ್ನು ಮರುಹೇಳುವಾಗ ಸೇರಿಕೊಂಡಿತು. ಬಂದೂಕಿನ ಲೆಕ್ಕವೂ ಪ್ರತಿಯಿಂದ ಪ್ರತಿಗೆ 1000, 3000 ಎಂದು ಬದಲಾಗುತ್ತದೆ. 

ಷ್ಯಾಡೋಸ್‌ನ ಇಬ್ಬರು ನಾಯಕರಲ್ಲಿ ಒಬ್ಬನಾದ, ಆಫ್ರಿಕಾ ಮೂಲದ ಯಾಸುಕೆ ಕುರಿತ ಜಗಳದಲ್ಲಿ ಇದೇ ವಿಧಾನ ಬೇಕು, ಯಾಕೆಂದರೆ ಅಲ್ಲಿ ಮೂರು ಪ್ರಶ್ನೆಗಳು ಒಂದಾಗಿ ಕಲಸಿಹೋಗಿವೆ. ಅವನು ನೊಬುನಾಗಾನ ಸೇವೆಯಲ್ಲಿದ್ದನೇ? ಇದ್ದ. 1579ರಲ್ಲಿ ಜೆಸುಯಿಟ್ ಪಾದ್ರಿ ವಾಲಿನ್ಯಾನೋ ಜೊತೆ ಬಂದ, 1581ರಲ್ಲಿ ನೊಬುನಾಗಾನನ್ನು ಕಂಡ ಎಂಬುದಕ್ಕೆ ಜಪಾನಿ ಮತ್ತು ಜೆಸುಯಿಟ್ ದಾಖಲೆ ಎರಡೂ ಇವೆ. ಸಂಬಳ, ಮನೆ, ಕಿರುಗತ್ತಿ ಸಿಕ್ಕಿತೇ? ಗ್ಯೂಇಚಿಯ ವೃತ್ತಾಂತದ ಒಂದು ಪ್ರತಿಯಲ್ಲಿ ಹಾಗಿದೆ, ಎಲ್ಲ ಪ್ರತಿಗಳಲ್ಲಿ ಇಲ್ಲ. ಸಮುರಾಯ್ ಆಗಿದ್ದನೇ? ಉಳಿದಿರುವ ಸಮಕಾಲೀನ ಬರಹಗಳಲ್ಲಿ ಆ ಪದವನ್ನು ಅವನಿಗೆ ಬಳಸಿಲ್ಲ. ಆದರೆ ನೊಬುನಾಗಾನ ನಂತರ ಅಧಿಕಾರ ಹಿಡಿದ ಹಿದೆಯೋಷಿಯ ಕತ್ತಿ ಜಪ್ತಿ ನಡೆದದ್ದು 1588ರಲ್ಲಿ, ಯೋಧ ಮತ್ತು ರೈತರ ನಡುವೆ ಗೆರೆ ಎಳೆದ ಆಜ್ಞೆ ಬಂದದ್ದು 1591ರಲ್ಲಿ. 1581ರಲ್ಲಿ ಆ ಗೆರೆ ಸಡಿಲವಾಗಿತ್ತು. ಹಾಗಾಗಿ ಪದ ಇಲ್ಲ ಎಂಬುದೊಂದರಿಂದಲೇ ತೀರ್ಪು ಆಗದು. ಗೇಮ್ ತೋರಿಸುವ ಕೋಟೆ ಮುತ್ತಿಗೆಗಳು ಮಾತ್ರ ಕಥೆಯೇ. ಇಲ್ಲಿ ನೀವು ಇಡುವ ಅಳತೆಯನ್ನೇ ನಿಯೋದ ನಾಯಕ, ಇಂಗ್ಲಿಷ್ ನಾವಿಕ ವಿಲಿಯಂ ಆಡಮ್ಸ್‌ಗೂ ಇಡಬೇಕು. ಅವನಿಗೆ ಆಗಿನ ಆಡಳಿತಗಾರ ತೊಕುಗಾವಾ ಇಯೆಯಾಸು ಹೆಮಿಯಲ್ಲಿ ಜಮೀನು ಕೊಟ್ಟದ್ದು ನಿಜ, ಭೂತಗಳನ್ನು ಕಡಿದದ್ದು ಗೇಮ್‌ನದು. ಒಬ್ಬನಿಗೆ ಕಲ್ಪನೆಯ ರಿಯಾಯಿತಿ, ಇನ್ನೊಬ್ಬನಿಗೆ ದಾಖಲೆಯ ಕಟ್ಟುನಿಟ್ಟು ಆದರೆ ಅದು ಇತಿಹಾಸದ ವಾದವಾಗಿ ಉಳಿದಿಲ್ಲ.

ಅಳತೆಯ ಘಟಕಗಳನ್ನೂ ಮೂಲದಲ್ಲೇ ನೋಡಿ. ಯಾಸುಕೆಯ ಎತ್ತರ 188 ಸೆಂ.ಮೀ. ಎಂದು ಎಲ್ಲೆಡೆ ಓದುತ್ತೇವೆ. ಆ ಕಾಲದವನೇ ಆದ ಮತ್ಸುದೈರಾ ಇಯೆತಾದನ ದಿನಚರಿಯಲ್ಲಿರುವುದು 6 ಷಾಕು 2 ಬು. ಒಂದು ಷಾಕು 30.3 ಸೆಂ.ಮೀ., ಒಂದು ಬು ಅದರ ನೂರನೇ ಒಂದು ಭಾಗ. ಒಟ್ಟು ಸುಮಾರು 182. ಬು ಎಂಬುದನ್ನು ಸುನ್ (ಷಾಕುವಿನ ಹತ್ತನೇ ಒಂದು ಭಾಗ) ಎಂದು ಓದಿದರೆ ಮಾತ್ರ 188 ಬರುತ್ತದೆ.

ಕಟ್ಟಡಗಳನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಸುಲಭ, ಕಟ್ಟಿದ ವರ್ಷ ಹೆಚ್ಚಾಗಿ ಗೊತ್ತಿರುತ್ತದೆ. ಅಜುಚಿ ಕೋಟೆಯ ಗೋಪುರ 1579ರಲ್ಲಿ ಮುಗಿದು 1582ರಲ್ಲಿ ಸುಟ್ಟುಹೋಯಿತು. ಒಸಾಕಾ ಕೋಟೆಯ ಕೆಲಸ ಶುರುವಾದದ್ದು 1583ರಲ್ಲಿ. ಹಿಮೆಜಿಯ ಈಗಿನ ಬಿಳಿ ಗೋಪುರ 1601ರಿಂದ 1609ರ ನಡುವಿನದು. 1580ರ ಕಥೆಯಲ್ಲಿ ಅದು ಕಂಡರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರ.

ದೂರುಗಳನ್ನು ಬೇರ್ಪಡಿಸುವುದೂ ಮುಖ್ಯ. ಷ್ಯಾಡೋಸ್‌ನ ಕಲಾಚಿತ್ರದಲ್ಲಿ ಸೆಕಿಗಹರಾದ ಬಂದೂಕು ಪ್ರದರ್ಶನ ತಂಡವೊಂದರ ಬಾವುಟ ಒಪ್ಪಿಗೆಯಿಲ್ಲದೆ ಬಂದದ್ದು ಅನುಮತಿಯ ಪ್ರಶ್ನೆ. ಅದೇ ಗೇಮ್‌ನ ಗೊಂಬೆಯೊಂದರಲ್ಲಿ ಒಂಟಿಕಾಲಿನ ತೋರಿ (ಷಿಂತೋ ಗುಡಿಯ ಮುಂದಿನ ದ್ವಾರ) ಇದ್ದದ್ದು ಗೌರವದ ಪ್ರಶ್ನೆ: ನಾಗಾಸಾಕಿಯ ಸನ್ನೋ ಗುಡಿಯ ಅಂಥ ದ್ವಾರದ ಅರ್ಧ ಬಿದ್ದುಹೋದದ್ದು 1945ರ ಆಗಸ್ಟ್ 9ರ ಅಣುಬಾಂಬಿಗೆ. ಆ ಗೊಂಬೆಯನ್ನು ಮಾರಾಟದಿಂದ ಹಿಂತೆಗೆದರು, ಹಿಂತೆಗೆಯಬೇಕಾಗಿಯೇ ಇತ್ತು. ಇವೆರಡನ್ನೂ ಕತ್ತಿ, ಕವಚಗಳ ಪಟ್ಟಿಗೆ ಸೇರಿಸಿದರೆ ಮೂರಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ.

ಗೇಮ್ ಕೊಟ್ಟ ಮಾತನ್ನೂ ಓದಿ. ಆಟದೊಳಗಿನ ವಿಶ್ವಕೋಶದಲ್ಲಿ ಇತಿಹಾಸ ಎಂದು ಬರೆದದ್ದನ್ನು ಪುಸ್ತಕದಂತೆ ಬಿಗಿಯಾಗಿ ಪರೀಕ್ಷಿಸಬಹುದು. ಕಥೆಯ ಅಲಂಕಾರಕ್ಕೆ ಅಷ್ಟು ಬಿಗಿ ಬೇಡ, ಆದರೆ ಏನು ಬದಲಾಗಿದೆ ಎಂದು ಹೇಳಲು ಅದು ಅಡ್ಡಿಯೂ ಅಲ್ಲ.

ಇಷ್ಟಾದ ಮೇಲೆ ಆಕ್ಷೇಪವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ: ದೃಶ್ಯ, ವಸ್ತು, ಕಥೆಯ ವರ್ಷ, ಆ ವಸ್ತುವಿನ ಕಾಲ, ಆಧಾರ. "1580ರ ಈ ದೃಶ್ಯದ ಗೋಪುರ 1609ರಲ್ಲಿ ಮುಗಿದದ್ದು" ಎನ್ನುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. "ಇರಲೇ ಇಲ್ಲ" ಎಂಬ ಮಾತಿಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಕಪ್ಪು ಬಟ್ಟೆಯ ನಿಂಜಾ ವೇಷ ಎಡೋ ಕಾಲದ (1603–1868) ರಂಗಭೂಮಿ ಮತ್ತು ಚಿತ್ರಗಳಿಂದ ಹರಡಿತು ಎಂದು ತೋರಿಸಬಹುದು. ಅದಕ್ಕೂ ಹಿಂದಿನ, ಯುದ್ಧಗಳಿಂದ ತುಂಬಿದ ಸೆಂಗೋಕು ಕಾಲದ ಗೂಢಚಾರ ಒಂದು ರಾತ್ರಿಯೂ ಕಪ್ಪು ಬಟ್ಟೆ ತೊಡಲಿಲ್ಲ ಎಂದು ತೋರಿಸಲಾಗದು. ಮೊದಲನೆಯದನ್ನು ಹೇಳಿ, ಎರಡನೆಯದನ್ನು ಬಿಡಿ.