ಸಿಬಿಲ್ ವರದಿಯಲ್ಲಿ ತಪ್ಪಿದೆಯೇ? ತಿದ್ದಿಸುವುದು ಹೀಗೆ

‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟ ಮೇಲೆಯೇ ಹೆಚ್ಚಿನವರು ಈ ವರದಿ, ಅಂದರೆ ತಾವು ಸಾಲ ಪಡೆದು ತೀರಿಸಿದ ದಾಖಲೆ, ತೆಗೆದು ನೋಡುವುದು. ಆಮೇಲೆ ‘ನನ್ನ ಸ್ಕೋರ್ ಕಮ್ಮಿ ಇದೆ, ಸರಿಮಾಡಿ’ ಅಂತ ಒಂದು ಸಾಲಿನ ಮೇಲ್ ಕಳಿಸಿ ಕಾಯುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಸ್ಕೋರನ್ನು, ಅಂದರೆ ಆ ದಾಖಲೆ ನೋಡಿ ಕೊಡುವ ಅಂಕವನ್ನು, ಯಾರೂ ಕೈಯಲ್ಲಿ ತಿದ್ದುವುದಿಲ್ಲ. ಅದು ನಿಂತಿರುವುದು ನಿಮ್ಮ ಸಾಲಗಳ ವಿವರದ ಮೇಲೆ. ಆ ವಿವರ ಕಳಿಸಿದ್ದು ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ. ಅವರು ಒಪ್ಪದೆ ಅಲ್ಲಿನ ಒಂದಂಕಿಯೂ ಬದಲಾಗುವುದಿಲ್ಲ.

1. ವರದಿ ತೆಗೆಯಿರಿ

ಇಂಥ ವರದಿ ಕೊಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನೇರವಾಗಿ ಅವರ ವೆಬ್‌ಸೈಟಿಗೆ ಹೋಗಿ. ದುಡ್ಡು ಕಟ್ಟುವ ಪ್ಲಾನ್ ಕಣ್ಣಿಗೆ ಬಿದ್ದರೆ ಬಿಟ್ಟು ಮುಂದೆ ಹೋಗಿ. ಸಾಲದ ಆ್ಯಪ್‌ಗಳಲ್ಲಿ ‘ಫ್ರೀ ಸ್ಕೋರ್’ ನೋಡಲೇಬೇಡಿ, ಮರುದಿನದಿಂದ ಸಾಲ ಬೇಕಾ ಅಂತ ಫೋನ್ ಶುರುವಾಗುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ, ಆ ಹೆದರಿಕೆ ಬೇಡ.

2. ಪೆನ್ನು ಹಿಡಿದು ಓದಿ

ಎಡವುವುದು ಇಲ್ಲೇ. ಮೊಬೈಲಿನಲ್ಲಿ ಸ್ಕೋರ್ ನೋಡಿ ಮುಚ್ಚಿಬಿಡುತ್ತಾರೆ. ಪ್ರಿಂಟ್ ತೆಗೆಯಿರಿ. ಮೊದಲು ಹೆಸರು, ಹುಟ್ಟಿದ ದಿನ, ಪ್ಯಾನ್ ನೋಡಿ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿರುತ್ತವೆ. ಪ್ಯಾನ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಹೀಗಿದ್ದಾಗ ಅದೇ ಹೆಸರಿನ ಬೇರೆಯವರ ಸಾಲ ನಿಮ್ಮ ವರದಿಗೆ ಬಂದು ಸೇರಬಹುದು.

ಮುಂದಿನದು ಸಾಲಗಳ ಪಟ್ಟಿ. ಪ್ರತಿ ಸಾಲದಲ್ಲೂ ಇವಿಷ್ಟನ್ನು ನೋಡಿ: ಸಾಲ ನಿಮ್ಮದೇ ಹೌದಾ, ನೀವು ಸಾಲಗಾರರೋ ಜಾಮೀನುದಾರರೋ, ಬಾಕಿ ಎಷ್ಟು, ಓವರ್‌ಡ್ಯೂ (ಗಡುವು ದಾಟಿದ ಬಾಕಿ) ಎಷ್ಟು, ಮುಗಿದ ತಾರೀಕು ಹಾಕಿದ್ದಾರಾ. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ಇಲ್ಲಿರುತ್ತದೆ. ಅದು ತಪ್ಪಲ್ಲ. ಬಂಗಾರದ ಸಾಲ ರಿನ್ಯೂ ಮಾಡಿಸಿದ್ದರೆ ಹಳೇ ಖಾತೆ ‘ಕ್ಲೋಸ್ಡ್’ ಆಗಿದೆಯೇ ನೋಡಿ.

‘ಡೇಟ್ ರಿಪೋರ್ಟೆಡ್’ ಎಂಬ ತಾರೀಕನ್ನು, ಅಂದರೆ ಬ್ಯಾಂಕು ಕೊನೆಯದಾಗಿ ವಿವರ ಕೊಟ್ಟ ದಿನವನ್ನು, ಯಾರೂ ಗಮನಿಸುವುದಿಲ್ಲ. ನೀವು ಸಾಲ ತೀರಿಸಿದ್ದು ಅದಕ್ಕಿಂತ ಈಚೆಗೆ ಅಂದರೆ ಮಾಹಿತಿ ಹಳೆಯದು, ಅಷ್ಟೇ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ವಿವರ ಕಳಿಸಬೇಕು. ಹಾಗಾಗಿ ಒಂದು ತಿಂಗಳು ಕಾದು ಮತ್ತೆ ನೋಡಿ.

ಸಾಲದ ಕೆಳಗೆ ತಿಂಗಳ ಲೆಕ್ಕದ ಚೌಕಗಳಿರುತ್ತವೆ. 000 ಅಂದರೆ ಆ ತಿಂಗಳು ಬಾಕಿ ಇರಲಿಲ್ಲ. 030 ಅಂದರೆ ಕಂತು ಕಟ್ಟದೆ 30 ದಿನ ದಾಟಿತ್ತು. ಎಕ್ಸ್ಎಕ್ಸ್ಎಕ್ಸ್ ಅಂತ ಇದ್ದರೆ ಗಾಬರಿ ಬೇಡ, ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ ಅಷ್ಟೇ.

‘ಸೆಟಲ್ಡ್’ ಎಂದಿದ್ದರೆ ಮಾತ್ರ ಎಚ್ಚರ. ಒಂದಿಷ್ಟು ಬಿಟ್ಟುಕೊಟ್ಟು ಬ್ಯಾಂಕು ಸಾಲ ಮುಗಿಸಿಕೊಂಡಿದೆ ಎಂದರ್ಥ. ನಿಜಕ್ಕೂ ಹಾಗೇ ಆಗಿದ್ದರೆ ತಕರಾರು ನಿಲ್ಲುವುದಿಲ್ಲ. ಉಳಿದದ್ದನ್ನೂ ಕಟ್ಟಿ, ನೋ ಡ್ಯೂ ಪತ್ರ (ಬಾಕಿ ಏನೂ ಇಲ್ಲ ಎಂಬ ಪತ್ರ) ಪಡೆದು, ‘ಕ್ಲೋಸ್ಡ್’ ಮಾಡಿ ಎಂದು ಕೇಳಬೇಕು.

3. ಸಾಲ ಕೊಟ್ಟವರಿಂದ ಸ್ಟೇಟ್‌ಮೆಂಟ್ ತನ್ನಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬೈಕ್ ಸಾಲದ ಕೊನೇ ಕಂತು ಕಟ್ಟಿಯಾಯಿತು ಎಂದುಕೊಂಡಿರುತ್ತೇವೆ. ಸ್ಟೇಟ್‌ಮೆಂಟ್ ತೆಗೆಸಿದರೆ ಯಾವತ್ತೋ ಬೌನ್ಸ್ ಆದ ಕಂತಿನ ಚಾರ್ಜು 590 ರೂಪಾಯಿ ಹಾಗೇ ಕೂತಿರುತ್ತದೆ. ಅದು ಇರುವವರೆಗೂ ಖಾತೆ ಮುಚ್ಚುವುದಿಲ್ಲ. ಕಟ್ಟಿ, ನೋ ಡ್ಯೂ ಪತ್ರ ಬರೆಸಿಕೊಳ್ಳಿ.

4. ತಕರಾರು ಹಾಕಿ, ಎರಡೂ ಕಡೆ

ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲಿ ‘ಡಿಸ್ಪ್ಯೂಟ್’ ಫಾರಂ ಇದೆ. ಅದಕ್ಕೆ ಶುಲ್ಕವಿಲ್ಲ. ಜೊತೆಗೆ ಸಾಲ ಕೊಟ್ಟವರಿಗೂ ಮೇಲ್ ಕಳಿಸಿ. ಎಲ್ಲ ತಪ್ಪನ್ನೂ ಒಂದೇ ಪತ್ರದಲ್ಲಿ ತುರುಕಬೇಡಿ. ಒಂದೊಂದು ಸಾಲಕ್ಕೂ ಒಂದೊಂದು ಪತ್ರ ಇರಲಿ. ಕಷ್ಟಸುಖ, ಸಿಟ್ಟು ಯಾವುದೂ ಬೇಡ. ಸಾಲ ಕೊಟ್ಟವರಿಗೆ ಹೀಗೆ ಬರೆದರೆ ಸಾಕು:

‘ಸಾಲದ ಖಾತೆ ಸಂಖ್ಯೆ ಇಂಥದ್ದು. ಈ ಸಾಲ 12–03–2024ರಂದು ಪೂರ್ತಿ ತೀರಿದೆ. ನೀವೇ ಕೊಟ್ಟ ನೋ ಡ್ಯೂ ಪತ್ರ ಲಗತ್ತಿಸಿದ್ದೇನೆ. ವರದಿಯಲ್ಲಿ ಇನ್ನೂ 18,400 ರೂಪಾಯಿ ಬಾಕಿ ಎಂದಿದೆ. ಬಾಕಿ ಸೊನ್ನೆ, ಖಾತೆ ಕ್ಲೋಸ್ಡ್ ಎಂದು ತಿದ್ದಿ ನಾಲ್ಕೂ ಕಂಪನಿಗಳಿಗೆ ಕಳಿಸಿ.’

ಕೊನೆಯ ಆ ಮಾತು ಮುಖ್ಯ. ಒಂದು ಕಡೆ ತಿದ್ದಿ, ಉಳಿದ ಮೂರು ಕಡೆ ಹಳೇ ತಪ್ಪೇ ಉಳಿದುಬಿಡಬಹುದು.

ಸಾಲವೇ ನಿಮ್ಮದಲ್ಲ, ಯಾರೋ ನಿಮ್ಮ ಪ್ಯಾನ್ ಬಳಸಿ ತೆಗೆದಿದ್ದಾರೆ ಅಂದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ಆ ದೂರಿನ ಪ್ರತಿಯನ್ನೂ ಲಗತ್ತಿಸಿ.

‘10 ಸಾವಿರ ಕೊಡಿ, ಸ್ಕೋರ್ 750 ಮಾಡಿಸಿಕೊಡ್ತೀವಿ’ ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ತುಂಬುವುದೂ ಇದೇ ಪುಕ್ಕಟೆ ಫಾರಂ. ಅದರ ಜೊತೆಗೆ ನಿಮ್ಮ ಪ್ಯಾನ್, ಒಟಿಪಿ ಅವರ ಕೈ ಸೇರುತ್ತದೆ.

5. 30 ದಿನ ಎಣಿಸಿ

ತಿದ್ದಿದ ವಿವರ ಕಳಿಸಲು ಸಾಲ ಕೊಟ್ಟವರಿಗೆ 21 ದಿನ, ಒಟ್ಟಾರೆ ಬಗೆಹರಿಸಲು ದೂರು ಕೊಟ್ಟಲ್ಲಿಂದ 30 ದಿನ. ಅದು ದಾಟಿದರೆ ತಡಮಾಡಿದವರು ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮ ಜಾರಿಯಲ್ಲಿದೆ. ಹಾಗಾಗಿ ದೂರಿನಲ್ಲಿ ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿಯನ್ನು ತಪ್ಪದೆ ಬರೆಯಿರಿ. ತಿದ್ದುವುದಿಲ್ಲ ಎಂದರೆ ಯಾಕೆ ಅನ್ನುವುದನ್ನೂ ಅವರು ತಿಳಿಸಬೇಕು. ಬಾಯಿಮಾತಿನ ಕಾರಣ ಒಪ್ಪಬೇಡಿ, ಮೇಲ್‌ನಲ್ಲೇ ಕೇಳಿ.

30 ದಿನವಾದರೂ ಉತ್ತರವಿಲ್ಲ, ಅಥವಾ ಉತ್ತರ ಸರಿಯಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅದರ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಇದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೇಗೆ ತುಂಬುವುದು ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳುತ್ತಾರೆ. ಮೊದಲ ದೂರಿನ ನಂಬರು, ತಾರೀಕು ಕೈಯಲ್ಲಿರಲಿ, ಅವರು ಮೊದಲು ಕೇಳುವುದು ಅದನ್ನೇ.